ಬೆನಗಲ್ ನರಸಿಂಗ ರಾವ್: ಕರಡು ಮತ್ತು ಕರ್ತೃತ್ವ

ಕವಿರಾಜಮಾರ್ಗದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆ ಕನ್ನಡ ವಿದ್ವತ್ ವಲಯಕ್ಕೆ ಹೊಸತಲ್ಲ. ಅರಸನ ಅನುಮತವನ್ನು ಪಡೆದು ಆಸ್ಥಾನದ ವಿದ್ವಾಂಸನೊಬ್ಬ ರಚಿಸಿದ ಗ್ರಂಥ ಯಾರದು ಎಂದು ಕೇಳಹೊರಟಾಗ, ಕರ್ತೃತ್ವವೆಂಬ ಪದಕ್ಕೇ ಒಂದಕ್ಕಿಂತ ಹೆಚ್ಚಿನ ಅರ್ಥಗಳಿರುವುದು ಕಾಣಿಸುತ್ತದೆ. ಭಾರತದ ಸಂವಿಧಾನದ ವಿಷಯದಲ್ಲಿಯೂ ಇಂಥದೇ ಪ್ರಶ್ನೆಯೊಂದು ಆಗಾಗ ಏಳುತ್ತದೆ. ಅದನ್ನು ಅಂಗೀಕರಿಸಿದ್ದು ಸಂವಿಧಾನ ರಚನಾ ಸಭೆ. ಕರಡು ಸಮಿತಿಯ ಅಧ್ಯಕ್ಷರಾಗಿ ಅದನ್ನು ರೂಪಿಸಿ, ಸಭೆಯಲ್ಲಿ ಸಮರ್ಥಿಸಿ ದಡ ಸೇರಿಸಿದವರು ಡಾ. ಬಿ.ಆರ್. ಅಂಬೇಡ್ಕರ್, ಆ ಸಮಿತಿಯ ಮುಂದೆ ಪರಿಶೀಲನೆಗೆ ಬಂದ ಮೊದಲ ಕರಡನ್ನು ಸಿದ್ಧಪಡಿಸಿದವರು ಸಂವಿಧಾನ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್. ಈ ಮೂರನೆಯ ಹೆಸರನ್ನು ಎರಡನೆಯದರ ವಿರುದ್ಧ ಎತ್ತಿ ನಿಲ್ಲಿಸುವ ಬರಹಗಳು ಇತ್ತೀಚಿನ ದಶಕಗಳಲ್ಲಿ ಹೆಚ್ಚಾಗಿವೆ. ಅಂಥ ಬರಹಗಳಿಂದ ಅಂಬೇಡ್ಕರರ ಸ್ಥಾನಕ್ಕೆ ಕುಂದಾಗುವುದಿಲ್ಲ; ಆದರೆ ನರಸಿಂಗ ರಾಯರು ನಿಜವಾಗಿ ಮಾಡಿದ ಕೆಲಸದ ಸ್ವರೂಪ ಮಸುಕಾಗುತ್ತದೆ. ಜಗತ್ತಿನ ಬೇರೆಬೇರೆ ಶಾಸನಸಭೆಗಳ ಮತ್ತು ಆಡಳಿತ ಪದ್ಧತಿಗಳ ಅನುಭವವನ್ನು ಸೋಸಿ, ಆಯ್ಕೆ ಮಾಡಬೇಕಾದವರ ಮುಂದೆ ಆಯ್ಕೆಗಳನ್ನು ಹರಡಿಡುವುದು ಆ ಕೆಲಸವಾಗಿತ್ತು. ಅವರ ಜೀವನವನ್ನು ಆ ದೃಷ್ಟಿಯಿಂದ ನೋಡುವುದು ಉಚಿತ.

ನರಸಿಂಗ ರಾವ್ ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಚಿತ್ರಾಪುರ ಸಾರಸ್ವತ ಕುಟುಂಬದಲ್ಲಿ. ತಂದೆ ಬೆನಗಲ್ ರಾಘವೇಂದ್ರ ರಾವ್ ವೈದ್ಯರಾಗಿದ್ದರು. ಮನೆಮಾತು ಕೊಂಕಣಿ, ಊರಿನ ಮಾತು ತುಳು ಮತ್ತು ಕನ್ನಡ, ವಿದ್ಯೆಯ ಮಾತು ಇಂಗ್ಲಿಷ್ ಆಗಿದ್ದ ಕರಾವಳಿಯ ಬಹುಭಾಷಿಕ ಪರಿಸರವದು. ತಮ್ಮಂದಿರಲ್ಲಿ ಬೆನಗಲ್ ರಾಮ ರಾವ್ 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರಾದರು. ಪತ್ರಕರ್ತರಾಗಿ ಹೆಸರಾದ ಬಿ. ಶಿವರಾವ್ ಸಂವಿಧಾನ ರಚನಾ ಸಭೆಯ ಸದಸ್ಯರಾದರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ನರಸಿಂಗ ರಾವ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್, ಭೌತಶಾಸ್ತ್ರ, ಸಂಸ್ಕೃತ ಈ ಮೂರರಲ್ಲಿಯೂ ಪ್ರಥಮ ದರ್ಜೆ ಪಡೆದು, ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋದರು. ಅಲ್ಲಿ ಅವರು ಓದಿದ್ದು ಕಾನೂನನ್ನಲ್ಲ, ಗಣಿತವನ್ನು. 1909ರ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಒಂಬತ್ತನೆಯ ರ‍್ಯಾಂಗ್ಲರ್ ಎನಿಸಿಕೊಂಡರು. ಅದೇ ಕಾಲದಲ್ಲಿ ಟ್ರಿನಿಟಿಯಲ್ಲಿ ಓದುತ್ತಿದ್ದ ಮತ್ತೊಬ್ಬ ಭಾರತೀಯ ವಿದ್ಯಾರ್ಥಿ ಜವಾಹರಲಾಲ ನೆಹರೂ. ರಾಯರ ಮುಂದಿನ ಕರಡುಗಳಲ್ಲಿ ಕಾಣುವ ಒಂದು ಗುಣಕ್ಕೆ, ಅಂದರೆ ಪ್ರಮೇಯವೊಂದರ ಎಲ್ಲ ಸಾಧ್ಯ ಪರಿಹಾರಗಳನ್ನು ಪಕ್ಕಪಕ್ಕದಲ್ಲಿರಿಸಿ ಒಂದೊಂದರ ಪರಿಣಾಮವನ್ನೂ ಲೆಕ್ಕಹಾಕುವ ಗುಣಕ್ಕೆ, ಈ ಗಣಿತದ ಶಿಸ್ತೇ ಮೂಲವೆಂದು ಊಹಿಸಿದರೆ ತಪ್ಪಾಗಲಾರದು.

ಇಂಡಿಯನ್ ಸಿವಿಲ್ ಸರ್ವಿಸಿಗೆ ಆಯ್ಕೆಯಾದ ಅವರನ್ನು ಬಂಗಾಳಕ್ಕೆ ನೇಮಿಸಲಾಯಿತು. ಅಲ್ಲಿಂದ 1920ರ ಹೊತ್ತಿಗೆ ಅಸ್ಸಾಮಿಗೆ ಹೋದರು. ಮೇಲ್ನೋಟಕ್ಕೆ ಮೂಲೆಯ ಪ್ರಾಂತ್ಯಕ್ಕೆ ಆದ ವರ್ಗಾವಣೆಯಂತೆ ಕಾಣುವ ಇದು ಅವರ ಬೌದ್ಧಿಕ ಜೀವನದಲ್ಲಿ ನಿರ್ಣಾಯಕವಾಯಿತು. 1925ರಿಂದ ಅವರು ಪ್ರಾಂತೀಯ ಶಾಸನ ಪರಿಷತ್ತಿನ ಕಾರ್ಯದರ್ಶಿಯೂ ಸರ್ಕಾರದ ಶಾಸನ ರಚನಾ ಇಲಾಖೆಯ ಕಾರ್ಯದರ್ಶಿಯೂ ಆಗಿದ್ದರು. 1919ರ ಭಾರತ ಸರ್ಕಾರದ ಕಾಯಿದೆ ಪ್ರಾಂತ್ಯಗಳಲ್ಲಿ ದ್ವಿಪ್ರಭುತ್ವವನ್ನು ಜಾರಿಗೆ ತಂದಿದ್ದ ಕಾಲವದು. ಶಿಕ್ಷಣ, ಆರೋಗ್ಯ, ಸ್ಥಳೀಯ ಸಂಸ್ಥೆಗಳಂಥ ವಿಷಯಗಳು ಚುನಾಯಿತ ಸದಸ್ಯರಿಂದ ಆರಿಸಿದ ಮಂತ್ರಿಗಳ ಕೈಗೆ; ಹಣಕಾಸು, ಪೊಲೀಸು, ಕಂದಾಯಗಳು ಗವರ್ನರನ ಕಾರ್ಯಕಾರಿ ಮಂಡಳಿಯ ಕೈಗೆ. ಮಂತ್ರಿಗೆ ಹೊಣೆಯಿತ್ತು, ಹಣವಿರಲಿಲ್ಲ. ಹಣವುಳ್ಳವರು ಸಭೆಗೆ ಉತ್ತರ ಹೇಳಬೇಕಾಗಿರಲಿಲ್ಲ. ಸಭೆ ತಿರಸ್ಕರಿಸಿದ ಬೇಡಿಕೆಯನ್ನು ಗವರ್ನರು ತನ್ನ ವಿಶೇಷಾಧಿಕಾರದಿಂದ ಊರ್ಜಿತಗೊಳಿಸಬಹುದಾಗಿತ್ತು. ಚರ್ಚೆ, ಪ್ರಶ್ನೋತ್ತರ, ಮತದಾನಗಳೆಲ್ಲ ವಿಧಿವತ್ತಾಗಿ ನಡೆದೂ ಅಧಿಕಾರ ಮಾತ್ರ ಬೇರೆಡೆಯೇ ಉಳಿಯುವ ಇಂಥ ಶಾಸನಸಭೆಯನ್ನು ಕಾರ್ಯದರ್ಶಿಯ ಪೀಠದಿಂದ ರಾಯರು ವರ್ಷಗಟ್ಟಲೆ ಕಂಡರು. ಕಾರ್ಯಾಂಗವು ಶಾಸಕಾಂಗಕ್ಕೆ ಹೊಣೆಯಾಗುವುದು ಎಂದರೇನು ಎಂಬ ಪ್ರಶ್ನೆಯನ್ನು ಅವರು ಕಲಿತದ್ದು ಪುಸ್ತಕದಿಂದ ಮಾತ್ರವಲ್ಲ, ಆ ಹೊಣೆಗಾರಿಕೆಯ ಗೈರುಹಾಜರಿಯಿಂದ. 1933ರಲ್ಲಿ ಅಸ್ಸಾಮಿನ ಹಣಕಾಸಿನ ಅಹವಾಲನ್ನು ಬ್ರಿಟಿಷ್ ಸಂಸತ್ತಿನ ಜಂಟಿ ಸಮಿತಿಯೆದುರು ಮಂಡಿಸಲು ಲಂಡನ್ನಿಗೆ ಹೋದವರೂ ಅವರೇ.

1935ರ ಕಾಯಿದೆ ಬಂದ ಮೇಲೆ, ಆವರೆಗಿನ ಕೇಂದ್ರ ಮತ್ತು ಪ್ರಾಂತೀಯ ಶಾಸನಗಳೆಲ್ಲವನ್ನೂ ಹೊಸ ವ್ಯವಸ್ಥೆಗೆ ಹೊಂದುವಂತೆ ಪರಿಷ್ಕರಿಸುವ ಭಾರವನ್ನು ಅವರಿಗೆ ವಹಿಸಲಾಯಿತು. ಯಾವ ಕಾಯಿದೆಯಲ್ಲಿ ಯಾವ ಅಧಿಕಾರ ಇನ್ನು ಮುಂದೆ ಯಾರದು ಎಂಬುದನ್ನು ಒಂದೊಂದು ಪದದಲ್ಲಿಯೂ ನಿಷ್ಕರ್ಷಿಸಬೇಕಾದ ಕೆಲಸವದು. 1938ರಲ್ಲಿ ಅವರಿಗೆ ನೈಟ್ ಪದವಿ ದೊರೆಯಿತು, 1939ರಲ್ಲಿ ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. 1935ರ ಕಾಯಿದೆಯ ಒಕ್ಕೂಟದ ಭಾಗ ಜಾರಿಗೆ ಬರಲೇ ಇಲ್ಲ. ಸಂಸ್ಥಾನಗಳ ಅರಸರು ಅಗತ್ಯ ಸಂಖ್ಯೆಯಲ್ಲಿ ಸೇರಲಿಲ್ಲ. ಆದರೆ ಅಧಿಕಾರಗಳನ್ನು ಮೂರು ಪಟ್ಟಿಗಳಾಗಿ ವಿಂಗಡಿಸುವ ಅದರ ಕ್ರಮ, ಅದರ ಆಡಳಿತದ ವಿವರ ಸ್ವತಂತ್ರ ಭಾರತದ ಸಂವಿಧಾನದೊಳಕ್ಕೆ ಬಹುಮಟ್ಟಿಗೆ ಹರಿದುಬಂದವು. ಈ ಮುಂದುವರಿಕೆಯನ್ನು ದಾಸ್ಯದ ಉಳಿಕೆಯೆಂದು ಟೀಕಿಸಿದವರು ರಚನಾ ಸಭೆಯಲ್ಲೇ ಇದ್ದರು. ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಆದರೂ ದೇಶ ಒಡೆದು ಲಕ್ಷಾಂತರ ಜನ ನಿರಾಶ್ರಿತರಾಗಿದ್ದ ಹೊತ್ತಿನಲ್ಲಿ ಪರಿಚಿತ ಯಂತ್ರವನ್ನು ಬಿಚ್ಚಿ ಹಾಕದೆ, ಅದನ್ನು ನಡೆಸುವವರು ಯಾರಿಗೆ ಹೊಣೆ ಎಂಬುದನ್ನು ಮಾತ್ರ ಬದಲಿಸಿದ್ದು ಸಣ್ಣ ಬದಲಾವಣೆಯಲ್ಲ.

ನ್ಯಾಯಾಧೀಶರಾಗಿದ್ದ ಅವಧಿಯಲ್ಲಿ ಅವರು ಎರಡು ಮುಖ್ಯ ವಿಚಾರಣೆಗಳನ್ನು ನಡೆಸಿದರು. ಸಿಂಧ್ ಮತ್ತು ಪಂಜಾಬ್ ಪ್ರಾಂತ್ಯಗಳ ನಡುವಣ ನದಿನೀರಿನ ವಿವಾದವನ್ನು ಪರಿಶೀಲಿಸಿದ ಸಿಂಧೂ ಆಯೋಗದ ಅಧ್ಯಕ್ಷರಾಗಿ 1942ರಲ್ಲಿ ವರದಿ ಕೊಟ್ಟರು. ನದಿಯ ಮೇಲೆ ಮೇಲ್ದಂಡೆಗಾಗಲಿ ಕೆಳದಂಡೆಗಾಗಲಿ ಏಕಾಂತಿಕ ಹಕ್ಕಿಲ್ಲ, ನ್ಯಾಯೋಚಿತ ಹಂಚಿಕೆಯೇ ಅಳತೆಗೋಲು ಎಂಬ ಅದರ ನಿಲುವು ನಂತರದ ಅಂತರರಾಜ್ಯ ಜಲವಿವಾದಗಳಲ್ಲಿ ಉಲ್ಲೇಖಗೊಳ್ಳುತ್ತ ಬಂದಿದೆ. ಇನ್ನೊಂದು, 1941ರಲ್ಲಿ ನೇಮಕಗೊಂಡ ಹಿಂದೂ ಕಾನೂನು ಸಮಿತಿ. ಹೆಣ್ಣುಮಕ್ಕಳ ಆಸ್ತಿಹಕ್ಕು, ಏಕಪತ್ನೀತ್ವ, ವಿಚ್ಛೇದನ ಮೊದಲಾದವನ್ನು ಒಳಗೊಂಡ ಸಂಹಿತೆಯೊಂದರ ಕರಡನ್ನು ರಾಯರ ಅಧ್ಯಕ್ಷತೆಯ ಈ ಸಮಿತಿ ಸಿದ್ಧಪಡಿಸಿತು. 1944ರಲ್ಲಿ ಪುನಾರಚನೆಗೊಂಡು ದೇಶದ ಹಲವೆಡೆ ಸಾಕ್ಷ್ಯ ಸಂಗ್ರಹಿಸಿದ ಸಮಿತಿ ಎದುರಿಸಿದ ವಿರೋಧ ತೀವ್ರವಾಗಿತ್ತು. ಸದಸ್ಯರಲ್ಲಿ ಒಬ್ಬರಾದ ದ್ವಾರಕಾನಾಥ ಮಿತ್ತರ್ ಅವರೇ ಭಿನ್ನಮತ ದಾಖಲಿಸಿದರು. ಅಂಬೇಡ್ಕರ್ ಕಾನೂನು ಮಂತ್ರಿಯಾಗಿ ಮುಂದೊಯ್ದ ಹಿಂದೂ ಸಂಹಿತೆಯ ಮಸೂದೆಗೆ ಈ ಕರಡೇ ಆಧಾರ. ರಾವ್ ಮತ್ತು ಅಂಬೇಡ್ಕರರನ್ನು ಪ್ರತಿಸ್ಪರ್ಧಿಗಳಂತೆ ಚಿತ್ರಿಸುವವರು ಈ ಸಂಗತಿಯನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಸಂವಿಧಾನಕ್ಕೂ ಮೊದಲೇ ಒಬ್ಬರ ಕರಡು ಇನ್ನೊಬ್ಬರ ಹೋರಾಟಕ್ಕೆ ಒದಗಿಬಂದಿತ್ತು.

1944ರಲ್ಲಿ ಸೇವೆಯಿಂದ ನಿವೃತ್ತರಾದ ರಾವ್ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾದರು. ಮಹಾರಾಜ ಹರಿಸಿಂಗರೊಂದಿಗೆ ಹೊಂದಿಕೆಯಾಗದೆ 1945ರಲ್ಲಿ ಆ ಪದವಿಯನ್ನು ಬಿಟ್ಟು ದೆಹಲಿಗೆ ಮರಳಿ ಸುಧಾರಣಾ ಕಚೇರಿಯನ್ನು ಸೇರಿದರು. 1946ರ ಜುಲೈಯಲ್ಲಿ, ಸಂವಿಧಾನ ರಚನಾ ಸಭೆ ಕೂಡುವ ಮೊದಲೇ, ಅವರನ್ನು ಅದರ ಸಂವಿಧಾನ ಸಲಹೆಗಾರರನ್ನಾಗಿ ನೇಮಿಸಲಾಯಿತು. ಈ ಹುದ್ದೆಗೆ ಅವರು ವೇತನ ಪಡೆಯಲಿಲ್ಲ.

ಆ ಸಭೆಯ ಸ್ವರೂಪವನ್ನು ಇಲ್ಲಿ ನೆನೆಯಬೇಕು. 1946ರ ಡಿಸೆಂಬರ್ 9ರಂದು ಮೊದಲ ಬಾರಿಗೆ ಕೂಡಿದ ಅದರ ಸದಸ್ಯರನ್ನು ಪ್ರಾಂತೀಯ ಶಾಸನಸಭೆಗಳು ಆರಿಸಿದ್ದವು. ಆ ಶಾಸನಸಭೆಗಳನ್ನಾದರೋ ಆಸ್ತಿ ಮತ್ತು ವಿದ್ಯೆಯ ಅರ್ಹತೆಯುಳ್ಳ ಸೀಮಿತ ಮತದಾರರು ಆರಿಸಿದ್ದರು. 1947ರ ಆಗಸ್ಟ್ 15ರ ನಂತರ ಸಭೆಗೆ ಎರಡು ಪಾತ್ರಗಳು ಬಂದವು. ಸಂವಿಧಾನ ರಚಿಸುವಾಗ ರಾಜೇಂದ್ರ ಪ್ರಸಾದರು ಅಧ್ಯಕ್ಷರು; ದೇಶದ ಶಾಸನಸಭೆಯಾಗಿ ಕುಳಿತಾಗ ಗ.ವಾ. ಮಾವಳಂಕರ್ ಸಭಾಪತಿಗಳು. ಮುಂದಿನ ಸಂಸತ್ತು ಹೇಗಿರಬೇಕೆಂದು ನಿರ್ಧರಿಸುತ್ತಿದ್ದ ಮಂದಿಯೇ ಅದೇ ಕಟ್ಟಡದಲ್ಲಿ ಆಯವ್ಯಯವನ್ನು ಮಂಜೂರು ಮಾಡಿ, ಮಂತ್ರಿಗಳನ್ನು ಪ್ರಶ್ನಿಸಿ ಸಂಸದೀಯ ರೂಢಿಯನ್ನು ಅಭ್ಯಾಸ ಮಾಡುತ್ತಿದ್ದರು. ನರಸಿಂಗ ರಾವ್ ಈ ಸಭೆಯ ಸದಸ್ಯರಲ್ಲ. ಅವರಿಗೆ ಅಲ್ಲಿ ಮತವೂ ಇರಲಿಲ್ಲ, ಮಾತೂ ಇರಲಿಲ್ಲ. ಅವರ ಪಾಲಿಗೆ ಇದ್ದುದು ಟಿಪ್ಪಣಿ, ಪ್ರಶ್ನಾವಳಿ, ಕರಡು ಈ ಮೂರು ಬಗೆಯ ಬರವಣಿಗೆ.

ಮೊದಲು ಅವರು ಮಾಡಿದ್ದು ಜಗತ್ತಿನ ಸಂವಿಧಾನಗಳಿಂದ ಆಯ್ದ ಸಾಮಗ್ರಿಯನ್ನು ಸಂವಿಧಾನದ ಪೂರ್ವನಿದರ್ಶನಗಳೆಂಬ ಮೂರು ಸಂಪುಟಗಳಲ್ಲಿ ಸಭೆಯ ಸದಸ್ಯರಿಗೆ ಒದಗಿಸಿದ್ದು. ಬಳಿಕ 1947ರ ಮಾರ್ಚ್ 17ರಂದು ಕೇಂದ್ರ ಮತ್ತು ಪ್ರಾಂತೀಯ ಶಾಸನಸಭೆಗಳ ಸದಸ್ಯರಿಗೆ ಪ್ರಶ್ನಾವಳಿಯೊಂದನ್ನು ಕಳಿಸಿದರು. ರಾಷ್ಟ್ರದ ಮುಖ್ಯಸ್ಥನನ್ನು ಏನೆಂದು ಕರೆಯಬೇಕು, ಹೇಗೆ ಆರಿಸಬೇಕು, ಶಾಸನಸಭೆಗೆ ಒಂದು ಮನೆಯೋ ಎರಡೋ, ಕಾರ್ಯಾಂಗವು ಬ್ರಿಟಿಷ್ ಮಾದರಿಯದೋ ಅಮೆರಿಕದ್ದೋ ಸ್ವಿಟ್ಜರ್ಲೆಂಡಿನದೋ ಎಂಬಂಥ ಪ್ರಶ್ನೆಗಳು ಅದರಲ್ಲಿದ್ದವು. ಪ್ರಶ್ನೆಗಳೊಡನೆ ವಿವಿಧ ದೇಶಗಳ ಪದ್ಧತಿಯ ವಿವರಣೆಯೂ ಇತ್ತು. ಮೂರನೆಯ ಮಾದರಿಯನ್ನು ರಾಯರು ಸೇರಿಸಿದ್ದು ಕೇವಲ ಪಾಂಡಿತ್ಯ ಪ್ರದರ್ಶನಕ್ಕಲ್ಲ. ಬ್ರಿಟಿಷ್ ಪದ್ಧತಿಯಲ್ಲಿ ಮಂತ್ರಿಮಂಡಲ ಕೆಳಮನೆಯ ಬಹುಮತವನ್ನು ನೆಚ್ಚಿರುತ್ತದೆ, ಅದು ತಪ್ಪಿದ ದಿನ ಇಳಿಯುತ್ತದೆ. ಅಮೆರಿಕದಲ್ಲಿ ಅಧ್ಯಕ್ಷನ ಅವಧಿ ನಿಶ್ಚಿತ. ಶಾಸಕಾಂಗ ಒಪ್ಪಲಿ ಬಿಡಲಿ ಅವನು ನಾಲ್ಕು ವರ್ಷ ಇರುತ್ತಾನೆ. ಸ್ವಿಟ್ಜರ್ಲೆಂಡಿನಲ್ಲಿ ಏಳು ಮಂದಿಯ ಮಂಡಳಿಯನ್ನು ಶಾಸಕಾಂಗವೇ ಆರಿಸುತ್ತದೆ, ಆದರೆ ಅವಧಿಯ ನಡುವೆ ಕೆಳಗಿಳಿಸುವುದಿಲ್ಲ. ಬೇರೆಬೇರೆ ಪಕ್ಷಗಳೂ ಭಾಷಾ ಸಮುದಾಯಗಳೂ ಅದರಲ್ಲಿ ಒಟ್ಟಿಗೆ ಕೂರುತ್ತವೆ. ಬಹುಮತವು ಶಾಶ್ವತವಾಗಿ ಒಂದೇ ಸಮುದಾಯದ ಕೈಯಲ್ಲಿ ಉಳಿದೀತೆಂಬ ಭಯವಿದ್ದ ದೇಶದಲ್ಲಿ ಇದು ಜೀವಂತ ಆಯ್ಕೆಯಾಗಿತ್ತು. 1948ರಲ್ಲಿಯೂ ಮಹಬೂಬ್ ಅಲಿ ಬೇಗ್ ಅವರು ಮಂತ್ರಿಗಳನ್ನು ಪ್ರಮಾಣಾನುಗುಣ ಮತದಿಂದ ಶಾಸಕಾಂಗವೇ ಆರಿಸಲೆಂದು ತಿದ್ದುಪಡಿ ಸೂಚಿಸಿದರು; ಕೆ.ಟಿ. ಶಾ ಅಧಿಕಾರಗಳ ಪೂರ್ಣ ಪ್ರತ್ಯೇಕತೆಯ ಪರವಾಗಿ ವಾದಿಸಿದರು. ಇವು ಸೋತವು. ಸ್ಥಿರತೆಗಿಂತ ದಿನನಿತ್ಯದ ಹೊಣೆಗಾರಿಕೆಯೇ ಮೇಲೆಂಬ ಕಾರಣದಿಂದ ಅಂಬೇಡ್ಕರ್ ಸಂಸದೀಯ ಪದ್ಧತಿಯನ್ನು ಸಮರ್ಥಿಸಿದರು.

ರಾಯರ ಸಲಹೆಗಳೆಲ್ಲ ಸ್ವೀಕೃತವಾಗಲಿಲ್ಲ ಎಂಬುದು ಗಮನಾರ್ಹ. 1947ರ ಮೇ 30ರ ತಮ್ಮ ಟಿಪ್ಪಣಿಯಲ್ಲಿ ಅವರು ಐರ್ಲೆಂಡಿನ ಮಾದರಿಯನ್ನು ನೆನಪಿಸುವ ಒಂದು ರಾಜ್ಯಮಂಡಳಿಯನ್ನು ಸೂಚಿಸಿದ್ದರು. ಅಲ್ಪಸಂಖ್ಯಾತರ ರಕ್ಷಣೆಯಂಥ ಕೆಲವು ವಿಷಯಗಳಲ್ಲಿ ರಾಷ್ಟ್ರಪತಿ ಪಕ್ಷರಾಜಕೀಯದಿಂದ ಹೊರಗಿರುವ ಈ ಮಂಡಳಿಯನ್ನು ಕೇಳಿ ಸ್ವವಿವೇಚನೆಯಿಂದ ನಡೆಯಬೇಕೆಂಬುದು ಅದರ ಆಶಯ. ನೆಹರೂ ಅಧ್ಯಕ್ಷತೆಯ ಒಕ್ಕೂಟ ಸಂವಿಧಾನ ಸಮಿತಿ ಅದನ್ನು ಒಪ್ಪಲಿಲ್ಲ. ರಾಷ್ಟ್ರಪತಿಗೆ ಮಂತ್ರಿಮಂಡಲವಲ್ಲದೆ ಇನ್ನೊಂದು ಕಿವಿ ಇದ್ದರೆ ಹೊಣೆಗಾರಿಕೆಯ ಸರಪಳಿ ಅಲ್ಲಿಯೇ ಸಡಿಲಗೊಳ್ಳುತ್ತದೆ. ಅಸ್ಸಾಮಿನಲ್ಲಿ ಗವರ್ನರನ ವಿಶೇಷಾಧಿಕಾರದ ಫಲವನ್ನು ಕಂಡಿದ್ದ ರಾಯರು ಈ ಸೂಚನೆ ಮಾಡಿದ್ದು ಸ್ವಲ್ಪ ಆಶ್ಚರ್ಯಕರವೇ. ಬಹುಮತದ ವಿವೇಕದ ಬಗೆಗೆ ಸಿವಿಲ್ ಸರ್ವಿಸಿನವರಿಗೆ ಇರುತ್ತಿದ್ದ ಸಂಶಯದ ಎಳೆಯೊಂದು ಇಲ್ಲಿ ಉಳಿದಿತ್ತೆನ್ನಬೇಕು. ಸಮಿತಿಯ ತೀರ್ಮಾನವೇ ಸರಿಯಾದುದಾಗಿತ್ತು.

ವಿವಿಧ ಸಮಿತಿಗಳ ತೀರ್ಮಾನಗಳನ್ನು ಒಟ್ಟುಗೂಡಿಸಿ ಸಂವಿಧಾನದ ಪೂರ್ಣ ಪಠ್ಯವನ್ನು ಅವರು 1947ರ ಅಕ್ಟೋಬರಿನಲ್ಲಿ ಸಿದ್ಧಪಡಿಸಿದರು. ಅಂಬೇಡ್ಕರ್ ಕೊಟ್ಟ ಲೆಕ್ಕದಂತೆ ಅದರಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಇದ್ದವು. ಆಗಸ್ಟ್ 29ರಂದು ನೇಮಕಗೊಂಡಿದ್ದ ಕರಡು ಸಮಿತಿ ಈ ಪಠ್ಯವನ್ನು ಎದುರಿಗಿಟ್ಟುಕೊಂಡು ಕೆಲಸಕ್ಕೆ ತೊಡಗಿತು. ರಾಯರು ಆ ಹೊತ್ತಿಗೆ ಪ್ರವಾಸ ಹೊರಟರು: ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್. ಕಾಗದದ ಮೇಲಿನ ವ್ಯವಸ್ಥೆಯನ್ನು, ಅದನ್ನು ನಡೆಸುತ್ತಿರುವವರ ಅನುಭವದೊಂದಿಗೆ ತಾಳೆನೋಡುವುದು ಉದ್ದೇಶವಾಗಿತ್ತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಂದಿಗಿನ ಮಾತುಕತೆ ಈ ಪ್ರವಾಸದ ಬಹುಚರ್ಚಿತ ಪ್ರಸಂಗ. ಜೀವ ಮತ್ತು ಸ್ವಾತಂತ್ರ್ಯವನ್ನು ಕಸಿಯುವ ಕಾನೂನು ನ್ಯಾಯಸಮ್ಮತವೇ ಎಂದು ಅಳೆಯುವ ವಿಶಾಲ ಅಧಿಕಾರವನ್ನು ಅಮೆರಿಕದ ಸಂವಿಧಾನದ ಸಮುಚಿತ ಪ್ರಕ್ರಿಯೆ ಎಂಬ ಮಾತು ನ್ಯಾಯಾಲಯಗಳಿಗೆ ಕೊಟ್ಟಿತ್ತು. ಚುನಾಯಿತ ಸಭೆಯ ತೀರ್ಮಾನದ ಮೇಲೆ ಕೆಲವೇ ನ್ಯಾಯಾಧೀಶರಿಗೆ ನಿಷೇಧಾಧಿಕಾರ ಸಿಗುವುದು ಪ್ರಜಾಪ್ರಭುತ್ವಕ್ಕೆ ಒಗ್ಗುವುದಿಲ್ಲ, ನ್ಯಾಯಾಂಗಕ್ಕೂ ಅದು ಹೊರಲಾರದ ಹೊರೆ ಎಂಬುದು ಫ್ರಾಂಕ್‌ಫರ್ಟರರ ಅಭಿಪ್ರಾಯವಾಗಿತ್ತು. ರಾಯರಿಗೆ ಅದು ಒಪ್ಪಿಗೆಯಾಯಿತು. ಕಾರ್ಮಿಕರ ದುಡಿಮೆಯ ಅವಧಿ, ಕೂಲಿಗಳನ್ನು ಕುರಿತ ಶಾಸನಗಳನ್ನು ಅಮೆರಿಕದ ನ್ಯಾಯಾಲಯಗಳು ಹಿಂದೆ ರದ್ದುಗೊಳಿಸಿದ್ದ ಇತಿಹಾಸ ಅವರ ಕಣ್ಣೆದುರಿಗಿತ್ತು. ಭೂಸುಧಾರಣೆ ಮಾಡಹೊರಟ ದೇಶಕ್ಕೆ ಅಂಥ ತಡೆ ಬೇಡವೆಂದು ಅವರು ಬಗೆದರು. ಕರಡು ಸಮಿತಿ ಆ ಮಾತನ್ನು ಕೈಬಿಟ್ಟು, ಜಪಾನಿನ 1946ರ ಸಂವಿಧಾನವನ್ನು ಅನುಸರಿಸಿ, ಕಾನೂನಿನಿಂದ ಸ್ಥಾಪಿತವಾದ ಪ್ರಕ್ರಿಯೆ ಎಂಬ ಸಂಕುಚಿತ ಪದಪುಂಜವನ್ನು ಸೇರಿಸಿತು.

ಎರಡು ಪದಗಳ ಬದಲಾವಣೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ವಿಚಾರಣೆಯಿಲ್ಲದೆ ಬಂಧಿತರಾಗಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮೊಕದ್ದಮೆಯಲ್ಲಿ 1950ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಪದಗಳಿಗೆ ಅಕ್ಷರಾರ್ಥವನ್ನೇ ಹೇಳಿತು: ಶಾಸನಸಭೆ ಕಾನೂನು ಮಾಡಿದ್ದರೆ ಸಾಕು, ಆ ಕಾನೂನು ನ್ಯಾಯವೇ ಎಂದು ಕೇಳುವಂತಿಲ್ಲ. 1978ರ ಮನೇಕಾ ಗಾಂಧಿ ಪ್ರಕರಣದಲ್ಲಿ ನ್ಯಾಯಾಲಯ ಈ ನಿಲುವನ್ನು ಬದಲಿಸಿ, ಪ್ರಕ್ರಿಯೆ ನ್ಯಾಯಯುತವೂ ವಿವೇಚನಾಯುತವೂ ಆಗಿರಬೇಕೆಂದಿತು. ರಾಯರು ತೆಗೆಸಿದ್ದು ಮೂರು ದಶಕಗಳ ನಂತರ ವ್ಯಾಖ್ಯಾನದ ಮೂಲಕ ಮರಳಿ ಬಂದಿತು. ನಡುವೆ ತುರ್ತು ಪರಿಸ್ಥಿತಿ ಸಂಭವಿಸಿತ್ತು. ಶಾಸನಸಭೆಯ ಮೇಲೆ ರಾಯರು ಇಟ್ಟಿದ್ದ ನಂಬಿಕೆ ಈ ಒಂದು ಸಂಗತಿಯಲ್ಲಿ ಅತಿಯಾಯಿತೆಂದು ಹೇಳದೆ ವಿಧಿಯಿಲ್ಲ.

ಐರ್ಲೆಂಡಿನಲ್ಲಿ ಅವರು ಪ್ರಧಾನಿ ಈಮನ್ ಡಿ ವಲೇರಾ ಅವರನ್ನು ಕಂಡರು. ತಮ್ಮ ಸಂವಿಧಾನವನ್ನು ಮತ್ತೆ ಬರೆಯುವ ಅವಕಾಶ ಸಿಕ್ಕರೆ ಪ್ರಮಾಣಾನುಗುಣ ಪ್ರಾತಿನಿಧ್ಯವನ್ನು ತೆಗೆದುಹಾಕುವೆನೆಂಬ ಅಭಿಪ್ರಾಯ ಡಿ ವಲೇರಾ ಅವರದಾಗಿತ್ತು. ಆ ಪದ್ಧತಿಯಿಂದ ಬಲವಾದ ಸರ್ಕಾರ ರಚನೆಯಾಗದೆಂಬುದು ಅವರ ಚಿಂತೆ. 1959ರಲ್ಲಿ ಜನಮತಗಣನೆಯ ಮೂಲಕ ಅವರು ಹಾಗೆ ಮಾಡಲು ಯತ್ನಿಸಿದಾಗ ಐರ್ಲೆಂಡಿನ ಮತದಾರರು ಒಪ್ಪಲಿಲ್ಲ. ಐರ್ಲೆಂಡಿನ 1937ರ ಸಂವಿಧಾನದಿಂದ ಭಾರತ ಪಡೆದ ಮುಖ್ಯ ಸಂಗತಿ ಬೇರೆಯದು: ನ್ಯಾಯಾಲಯದಲ್ಲಿ ಸಾಧಿಸಬಹುದಾದ ಹಕ್ಕುಗಳು ಒಂದು ಕಡೆ, ಸರ್ಕಾರಕ್ಕೆ ದಾರಿತೋರುವ ನಿರ್ದೇಶಕ ತತ್ವಗಳು ಇನ್ನೊಂದು ಕಡೆ ಎಂಬ ವಿಂಗಡಣೆ. ಪ್ರವಾಸದ ನಂತರ ರಾಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿರ್ದೇಶಕ ತತ್ವಗಳನ್ನು ಜಾರಿಗೊಳಿಸಲು ಮಾಡಿದ ಕಾನೂನು ಮೂಲಭೂತ ಹಕ್ಕಿಗೆ ವಿರುದ್ಧವೆಂಬ ಕಾರಣಕ್ಕೆ ಅಸಿಂಧುವಾಗಬಾರದೆಂದು ಸೂಚಿಸಿದರು. ಕರಡು ಸಮಿತಿ ಇದನ್ನು ಒಪ್ಪಲಿಲ್ಲ. ಆದರೆ ಪ್ರಶ್ನೆ ಅಲ್ಲಿಗೆ ನಿಲ್ಲಲಿಲ್ಲ. 1951ರ ಮೊದಲನೆಯ ತಿದ್ದುಪಡಿಯಿಂದ 1971ರ ಇಪ್ಪತ್ತೈದನೆಯ ತಿದ್ದುಪಡಿಯವರೆಗೆ ಸಂಸತ್ತು ಮತ್ತು ನ್ಯಾಯಾಲಯಗಳು ಇದೇ ಗಡಿರೇಖೆಯ ಮೇಲೆ ಸೆಣಸಿದವು. ಆ ಸೆಣಸಾಟಕ್ಕೆ 1973ರಲ್ಲಿ ಒಂದು ನೆಲೆಯನ್ನು ಕಾಣಿಸಿದ ಮೊಕದ್ದಮೆಯ ಅರ್ಜಿದಾರರು ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು. ಎಡನೀರು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಪ್ರಶ್ನೆಯನ್ನು ಮೊದಲು ಕರಡಿನಲ್ಲಿ ಎತ್ತಿದವರೂ ಕೊನೆಗೆ ಅದನ್ನು ನ್ಯಾಯಾಲಯದ ಮೆಟ್ಟಿಲಿಗೆ ಒಯ್ದವರೂ ಒಂದೇ ಜಿಲ್ಲೆಯವರಾದದ್ದು ಕಾಕತಾಳೀಯ. ಆದರೂ ಕರಾವಳಿಯ ಬೌದ್ಧಿಕ ಚರಿತ್ರೆ ಬರೆಯುವವರು ಬಿಟ್ಟುಬಿಡಬಾರದಂಥ ಕಾಕತಾಳೀಯ.

1948ರ ಫೆಬ್ರವರಿಯಲ್ಲಿ ಪ್ರಕಟವಾದ ಕರಡು ಸಮಿತಿಯ ಪಠ್ಯದಲ್ಲಿ ವಿಧಿಗಳು 315ಕ್ಕೆ ಏರಿದ್ದವು, ಅನುಸೂಚಿಗಳು 8ಕ್ಕೆ ಇಳಿದಿದ್ದವು. ಸಭೆಯ ಮುಂದೆ ಬಂದ ತಿದ್ದುಪಡಿಗಳು ಸುಮಾರು 7,635, ಮಂಡನೆಯಾದವು 2,473. ಅಂತಿಮ ಪಠ್ಯದಲ್ಲಿ 395 ವಿಧಿಗಳು. ಈ ಅಂಕಿಗಳನ್ನು ನೋಡಿದ ಮೇಲೂ ಸಲಹೆಗಾರರ ಕರಡೇ ಸಂವಿಧಾನವೆನ್ನುವುದು ಸಾಧ್ಯವಿಲ್ಲ. ಹಾಗೆಯೇ ಆ ಕರಡಿಲ್ಲದಿದ್ದರೆ ಇಷ್ಟು ಚರ್ಚೆಗೆ ಹಿಡಿಯಲು ಒಂದು ಪಠ್ಯವೇ ಇರುತ್ತಿರಲಿಲ್ಲ ಎಂಬುದೂ ನಿಜ. ಕರಡು ಸಮಿತಿಯ ಸದಸ್ಯರಲ್ಲಿ ಒಬ್ಬರು ತೀರಿಕೊಂಡು, ಕೆಲವರು ದೂರವಿದ್ದು, ಭಾರವೆಲ್ಲ ಅಂಬೇಡ್ಕರರ ಮೇಲೆ ಬಿದ್ದುದನ್ನು ಟಿ.ಟಿ. ಕೃಷ್ಣಮಾಚಾರಿ 1948ರ ನವೆಂಬರಿನಲ್ಲಿ ಸಭೆಗೆ ವಿವರಿಸಿದರು. 1949ರ ನವೆಂಬರ್ 25ರ ತಮ್ಮ ಸಮಾರೋಪ ಭಾಷಣದಲ್ಲಿ ಅಂಬೇಡ್ಕರ್, ತಮಗೆ ಸಲ್ಲಿಸಲಾದ ಕೀರ್ತಿ ಪೂರ್ಣವಾಗಿ ತಮ್ಮದಲ್ಲವೆಂದೂ ಅದರ ಒಂದು ಪಾಲು ನರಸಿಂಗ ರಾವ್ ಅವರಿಗೆ, ಇನ್ನೊಂದು ಪಾಲು ಕರಡುಗಾರ ಎಸ್.ಎನ್. ಮುಖರ್ಜಿ ಅವರಿಗೆ ಸೇರಬೇಕೆಂದೂ ತಿಳಿಸಿದರು. ಕರ್ತೃತ್ವದ ಪ್ರಶ್ನೆಯನ್ನು ಸಂಬಂಧಪಟ್ಟವರೇ ಆಗಲೇ ಇತ್ಯರ್ಥಪಡಿಸಿದ್ದರು. ವಿವಾದ ಹುಟ್ಟಿದ್ದು ಅವರ ನಂತರ.

ಇದೇ ವೇಳೆಯಲ್ಲಿ ಸಭೆಯ ಸಚಿವಾಲಯ ಮತ್ತೊಂದು ಕೆಲಸಕ್ಕೆ ಕೈಹಾಕಿತ್ತು. ಸಂವಿಧಾನ ಇನ್ನೂ ಕರಡಾಗಿರುವಾಗಲೇ ವಯಸ್ಕ ಮತಾಧಿಕಾರದ ಆಧಾರದ ಮೇಲೆ ಮತದಾರರ ಪಟ್ಟಿಗಳ ಸಿದ್ಧತೆ ಆರಂಭವಾಯಿತು. ಊರು ಬಿಟ್ಟು ಬಂದ ನಿರಾಶ್ರಿತರನ್ನು ಎಲ್ಲಿ ನಮೂದಿಸಬೇಕು, ಗಂಡನ ಹೆಸರಿನಿಂದಲೋ ಮಗನ ಹೆಸರಿನಿಂದಲೋ ಮಾತ್ರ ತಮ್ಮನ್ನು ಗುರುತಿಸಿಕೊಳ್ಳುವ ಹೆಂಗಸರನ್ನು ಹೇಗೆ ನಮೂದಿಸಬೇಕು ಎಂಬಂಥ ತೊಡಕುಗಳು ಅದರಲ್ಲಿದ್ದವು. ಮೊದಲ ಮಹಾಚುನಾವಣೆಯ ಹೊತ್ತಿಗೆ ಮತದಾರರ ಸಂಖ್ಯೆ 17 ಕೋಟಿಯನ್ನು ಮೀರಿತ್ತು. ಭಾರತದ ಸಂಸದೀಯ ವ್ಯವಸ್ಥೆಯ ಚರಿತ್ರೆಯಲ್ಲಿ ವಿಧಿಗಳ ಕರಡಿನಷ್ಟೇ ಈ ಹೆಸರುಗಳ ಪಟ್ಟಿಗೂ ಮಹತ್ವವಿದೆ. ಅಧ್ಯಯನಗಳು ಮೊದಲನೆಯದಕ್ಕೆ ಕೊಟ್ಟ ಗಮನವನ್ನು ಎರಡನೆಯದಕ್ಕೆ ಬಹುಕಾಲ ಕೊಡಲಿಲ್ಲ.

ಬರ್ಮಾದ ಸಂವಿಧಾನ ರಚನೆಗೂ 1947ರಲ್ಲಿ ನೆರವಾಗಿದ್ದ ರಾವ್ ಕ್ರಮೇಣ ವಿಶ್ವಸಂಸ್ಥೆಯ ಕೆಲಸಗಳಲ್ಲಿ ತೊಡಗಿದರು. ಅಲ್ಲಿ ಭಾರತದ ಖಾಯಂ ಪ್ರತಿನಿಧಿಯಾಗಿದ್ದ ಅವರು 1950ರ ಜೂನ್ ತಿಂಗಳಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದಾಗ ಕೊರಿಯಾದ ಯುದ್ಧ ಆರಂಭವಾಯಿತು. ವರ್ಷಾಂತ್ಯದಲ್ಲಿ ಕದನವಿರಾಮದ ದಾರಿ ಹುಡುಕಲು ನೇಮಕವಾದ ಮೂವರ ತಂಡದಲ್ಲಿ ಇರಾನಿನ ನಸ್ರುಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಅವರೊಂದಿಗೆ ರಾಯರೂ ಇದ್ದರು. ಆ ಪ್ರಯತ್ನ ಫಲಿಸಲಿಲ್ಲ. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಅದೇ ವರ್ಷದ ಮೇ 13ರಂದು ವಯಸ್ಕ ಮತಾಧಿಕಾರದಿಂದ ಆಯ್ಕೆಯಾದ ಮೊದಲ ಕೆಳಮನೆ ದೆಹಲಿಯಲ್ಲಿ ಕೂಡಿತು. ದಕ್ಷಿಣ ಕನ್ನಡ ದಕ್ಷಿಣ ಕ್ಷೇತ್ರದ ಸದಸ್ಯರಾಗಿ ತಮ್ಮ ಶಿವರಾವ್ ಅದರಲ್ಲಿದ್ದರು. 1953ರ ನವೆಂಬರ್ 30ರಂದು ನರಸಿಂಗ ರಾವ್ ಜ್ಯೂರಿಕ್‌ನಲ್ಲಿ ತೀರಿಕೊಂಡರು. ಆ ಮನೆಗೆ ಲೋಕಸಭೆಯೆಂದೂ ಮೇಲ್ಮನೆಗೆ ರಾಜ್ಯಸಭೆಯೆಂದೂ ಹಿಂದಿ ಹೆಸರುಗಳು ರೂಢಿಗೆ ಬಂದುದು 1954ರಲ್ಲಿ, ಅವರ ಮರಣಾನಂತರ.

ಅವರ ಕೆಲಸದ ಒಂದು ಗಂಟು ಮಾತ್ರ ಬಹುಕಾಲ ಬಿಚ್ಚಿಕೊಳ್ಳದೆ ಉಳಿಯಿತು. ಮಂತ್ರಿಮಂಡಲದ ಸಲಹೆಗೆ ರಾಷ್ಟ್ರಪತಿ ಕಟ್ಟುಬಿದ್ದವರೇ ಎಂಬುದನ್ನು ಸಂವಿಧಾನದ 74ನೆಯ ವಿಧಿ ಮೂಲತಃ ಬಿಚ್ಚಿ ಹೇಳಿರಲಿಲ್ಲ. ನೆರವು ಮತ್ತು ಸಲಹೆ ನೀಡಲು ಮಂತ್ರಿಮಂಡಲವಿರತಕ್ಕದ್ದು ಎಂದಷ್ಟೇ ಹೇಳಿತ್ತು. ಈ ರೂಢಿಯನ್ನು ಸೂಚನಾಪತ್ರವೊಂದರ ರೂಪದಲ್ಲಿ ಅನುಸೂಚಿಗೆ ಸೇರಿಸುವ ಯೋಚನೆ ಕರಡಿನ ಹಂತದಲ್ಲಿತ್ತು. 1949ರ ಅಕ್ಟೋಬರಿನಲ್ಲಿ ಅದನ್ನು ಅನಗತ್ಯವೆಂದು ಕೈಬಿಡಲಾಯಿತು. ಇಂಗ್ಲೆಂಡಿನಲ್ಲಿ ದೊರೆ ಮಂತ್ರಿಗಳ ಮಾತಿನಂತೆ ನಡೆಯುವ ರೂಢಿ ಆ ಪದಗಳ ಅರ್ಥದೊಳಗೇ ಸೇರಿದೆ ಎಂಬುದು ರಾಯರ ನಿಲುವಾಗಿತ್ತು. ರಾಜೇಂದ್ರ ಪ್ರಸಾದರಿಗೆ ಇದು ಪೂರ್ತಿ ಸಮ್ಮತವಾಗಿರಲಿಲ್ಲ. 1951ರ ಸೆಪ್ಟೆಂಬರಿನಲ್ಲಿ ಹಿಂದೂ ಸಂಹಿತೆಯ ಮಸೂದೆಯ ವಿಷಯದಲ್ಲಿ ತಾವು ಸ್ವಂತ ವಿವೇಚನೆಯಿಂದ ನಡೆಯಲು ಬಯಸುವುದಾಗಿ ಅವರು ನೆಹರೂ ಅವರಿಗೆ ತಿಳಿಸಿದರು. ರಾಯರು ಕರಡು ತಯಾರಿಸಿದ ಸಂಹಿತೆ ಮತ್ತು ರಾಯರು ಕರಡು ತಯಾರಿಸಿದ ರಾಷ್ಟ್ರಪತಿ ಪದವಿ ಹೀಗೆ ಒಂದಕ್ಕೊಂದು ಎದುರಾದವು. ಅಟಾರ್ನಿ ಜನರಲ್ ಸೆತಲವಾಡ್ ಮತ್ತು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಇಬ್ಬರೂ ರಾಷ್ಟ್ರಪತಿಗೆ ಅಂಥ ಸ್ವಾತಂತ್ರ್ಯವಿಲ್ಲವೆಂದು ಅಭಿಪ್ರಾಯ ಕೊಟ್ಟರು. ಸಂಹಿತೆ ಬಿಡಿಬಿಡಿ ಕಾಯಿದೆಗಳಾಗಿ 1955 ಮತ್ತು 1956ರಲ್ಲಿ ಅಂಗೀಕೃತವಾಯಿತು.

ರಾಯರ ಟಿಪ್ಪಣಿ, ವರದಿ, ಲೇಖನಗಳನ್ನು ಶಿವರಾವ್ ಸಂಪಾದಿಸಿ 1960ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅದಕ್ಕೆ ಮುನ್ನುಡಿ ಬರೆದವರು ರಾಜೇಂದ್ರ ಪ್ರಸಾದ್. ಅಂಬೇಡ್ಕರರನ್ನು ಎಲ್ಲ ಹಂತಗಳಲ್ಲೂ ನೌಕೆಯನ್ನು ನಡೆಸಿದವರೆಂದು, ರಾಯರನ್ನು ಅದರ ಯೋಜನೆಯನ್ನು ಕಂಡು ಅಡಿಪಾಯ ಹಾಕಿದವರೆಂದು ಅವರು ಅಲ್ಲಿ ಗುರುತಿಸಿದ್ದಾರೆ. ಅದೇ ವರ್ಷದ ನವೆಂಬರ್ 28ರಂದು ದೆಹಲಿಯಲ್ಲಿ ಭಾರತೀಯ ಕಾನೂನು ಸಂಸ್ಥೆಯ ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡುತ್ತ, ರಾಷ್ಟ್ರಪತಿಯ ಅಧಿಕಾರ ಎಷ್ಟು ಎಂಬುದನ್ನು ವಿದ್ವಾಂಸರು ಮತ್ತೆ ಪರಿಶೀಲಿಸಬೇಕೆಂದು ಕೇಳಿಕೊಂಡವರೂ ಅವರೇ. ಸಲಹೆಯಂತೆ ರಾಷ್ಟ್ರಪತಿ ನಡೆಯತಕ್ಕದ್ದು ಎಂಬ ಸ್ಪಷ್ಟ ಮಾತು ಸಂವಿಧಾನಕ್ಕೆ ಸೇರಿದ್ದು 1976ರಲ್ಲಿ, ನಲವತ್ತೆರಡನೆಯ ತಿದ್ದುಪಡಿಯ ಮೂಲಕ. ಒಮ್ಮೆ ಮರುಪರಿಶೀಲನೆಗೆ ಕಳಿಸಬಹುದೆಂಬ ವಾಕ್ಯ 1978ರ ನಲವತ್ತನಾಲ್ಕನೆಯ ತಿದ್ದುಪಡಿಯಲ್ಲಿ ಬಂದಿತು.